ಎರೆಭೂತದ ಬಳಗ

ನಮ್ಮ ಕಂದಲಗಾಂವದ ಕಡೆ ಹಿರಿಯರು ಹೊಸಬರನ್ನು ಕಂಡಕೂಡಲೆ ಊರು, ಮನೆತನ ವಿಚಾರಿಸುವರು. ಅಡ್ಡಹೆಸರು ಹಿಡಿದು ನಾಲ್ಕು ತಲೆಮಾರು ಹಿಂದಕ್ಕೆ ಹೋಗಿ, ಎಲ್ಲಿಯೋ ಒಬ್ಬ ಸೋದರತ್ತೆಯ ಮೂಲಕ ನಂಟು ಹಚ್ಚಿಯೇಬಿಡುವರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮಗೆ, ಹೊರಗಿನ ಚಹರೆಯಿಂದ ಕುಲ ತಿಳಿಯದೆಂಬುದು ಹೊಸ ಮಾತಲ್ಲ. ಜೀವಶಾಸ್ತ್ರಜ್ಞರ ಉದ್ಯೋಗವೂ ಇದೇ ಬಗೆಯದು. ಆದರೆ ಅವರು ವಿಚಾರಿಸಬೇಕಾದವರಿಗೆ ಬಾಯಿಲ್ಲ.

ಸೊಲ್ಲಾಪುರದ ಉತ್ತರಕ್ಕಿರುವ ನಾನ್ನಜದ ಹುಲ್ಲುಗಾವಲಿನ ಎರೆಭೂತವನ್ನೇ ನೋಡಿರಿ. ಮರಾಠಿಯಲ್ಲಿ ಇದು ಮಾಳಢೋಕ. ಸುಮಾರು ಒಂದು ಮೀಟರ್ ಎತ್ತರ. ಗಂಡಿನ ತೂಕ 15 ಕಿಲೋದವರೆಗೆ. ನೀಳ ಕತ್ತು, ನೀಳ ಕಾಲು. ಆರ್ಡಿಯೋಟಿಸ್ ಎಂಬ ಅದರ ಶಾಸ್ತ್ರೀಯ ನಾಮದಲ್ಲಿಯೂ ಬಕಪಕ್ಷಿಯ ಹೆಸರಿದೆ. ಪಂಡಿತರು ಬಹುಕಾಲ ಇದನ್ನು ಕ್ರೌಂಚಗಳ ಗಣದಲ್ಲಿಯೇ ಇರಿಸಿದ್ದರು.

ಆದರೆ ಬಯಲಿನ ಬಾಳುವೆ ಯಾವ ಕುಲದವರಿಗೂ ನೀಳ ಕಾಲನ್ನು ಕೊಡಬಲ್ಲದು. ಹಾಗಾದರೆ ನಂಬಬೇಕಾದುದು ಯಾವುದನ್ನು? ಓಲೆಪ್ರತಿಗಳ ಸಂಪಾದಕರು ಈ ಗುಟ್ಟನ್ನು ಬಲ್ಲರು. ಎಲ್ಲ ಪ್ರತಿಗಳಲ್ಲಿಯೂ ಇರುವ ಶುದ್ಧಪಾಠದಿಂದ ಅವುಗಳ ನಂಟು ತಿಳಿಯದು. ಎರಡು ಪ್ರತಿಗಳಲ್ಲಿ ಒಂದೇ ಎಡೆಯಲ್ಲಿ ಒಂದೇ ವಿಚಿತ್ರ ತಪ್ಪು ಕಂಡರೆ, ಅವುಗಳ ತಾಯಿಪ್ರತಿ ಒಂದೇ ಎಂದು ಊಹಿಸಬಹುದು. ಡಿ.ಎನ್.ಎ. ಕೂಡ ತಲೆಮಾರಿನಿಂದ ತಲೆಮಾರಿಗೆ ನಕಲಾಗುತ್ತ ಬಂದ ಬರಹವೇ. ಗರಿ ಎಲ್ಲ ಹಕ್ಕಿಗಳಿಗೂ ಉಂಟು, ಅದರಿಂದ ಹತ್ತಿರದವರು ಯಾರೆಂದು ತಿಳಿಯದು. ನಡುವೆ ಹೊಸದಾಗಿ ಮೂಡಿ, ಕೆಲವರಲ್ಲಿ ಮಾತ್ರ ಉಳಿದ ಮಾರ್ಪಾಟುಗಳೇ ದಾಯಾದಿತನದ ಸಾಕ್ಷಿ.

2014ರಲ್ಲಿ 48 ಜಾತಿಯ ಹಕ್ಕಿಗಳ ಸಂಪೂರ್ಣ ಡಿ.ಎನ್.ಎ.ಯನ್ನು ಹೀಗೆ ಹೋಲಿಸಿ ನೋಡಿದರು. ಅವುಗಳಲ್ಲಿದ್ದುದು ನಮ್ಮ ಎರೆಭೂತವಲ್ಲ, ಚಳಿಗಾಲದಲ್ಲಿ ರಾಜಸ್ಥಾನಕ್ಕೆ ಬರುವ ಅದರ ಸಮೀಪದ ಬಂಧು. ಫಲಿತಾಂಶವೋ, ಈ ಕುಟುಂಬದ ನಂಟು ಕ್ರೌಂಚದೊಡನೆ ಅಲ್ಲ, ಕೋಗಿಲೆಯ ಕುಲದೊಡನೆ ಮತ್ತು ಆಫ್ರಿಕೆಯ ಟುರಾಕೊ ಎಂಬ ಹಕ್ಕಿಯೊಡನೆ! ಕಾಗೆಯ ಗೂಡಿನಲ್ಲಿ ತತ್ತಿಯಿಡುವ ಕೋಗಿಲೆಗೂ, ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ತತ್ತಿಯಿಡುವ ಎರೆಭೂತಕ್ಕೂ ಎತ್ತಣ ಸಂಬಂಧವೆನ್ನುವಿರಾ? ಕೋಟ್ಯಂತರ ವರ್ಷಗಳ ಹಿಂದೆ ಬೇರೆಯಾದ ಮನೆಗಳಿವು. ರೀತಿನೀತಿ ಒಂದೇ ಆಗಿರಬೇಕಾದುದಿಲ್ಲ. ಮುಂದೆ 2024ರಲ್ಲಿ 363 ಜಾತಿಗಳಿಂದ ಕಟ್ಟಿದ ವಂಶವೃಕ್ಷದಲ್ಲಿಯೂ ಈ ಮೂರು ಮನೆಗಳು ಕೂಡಿಯೇ ಉಳಿದವು.

ಇಷ್ಟು ಹಳೆಯ ಕೊಂಬೆಯೊಂದರ ಕುಡಿ ನಮ್ಮ ಕಣ್ಣೆದುರು ಒಣಗುತ್ತಿದೆ. ದೇಶದಲ್ಲೆಲ್ಲ ಉಳಿದ ಎರೆಭೂತಗಳು ಇನ್ನೂರಕ್ಕೂ ಕಡಿಮೆ, ಬಹುಪಾಲು ರಾಜಸ್ಥಾನದಲ್ಲಿ. ಹಲವು ರಾಜ್ಯಗಳ ಎರೆಭೂತಗಳ ಡಿ.ಎನ್.ಎ. ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವುಗಳ ಒಳಗಿನ ವೈವಿಧ್ಯವೂ ತೀರ ಕಡಿಮೆಯೆಂದು ತಿಳಿದುಬಂದಿತು. ನಾನ್ನಜದಲ್ಲಿ ಅಭಯಾರಣ್ಯವಾದದ್ದು 1979ರಲ್ಲಿ. ಈಗ ಅಲ್ಲಿಗೆ ಹೋದವರಿಗೆ ಕೃಷ್ಣಮೃಗಗಳ ಹಿಂಡು ಕಂಡೀತು. ಎರೆಭೂತ ಕಾಣುವುದು ಪುಣ್ಯವಿದ್ದರೆ.