ಮಗ್ಗುಲು ಹೊರಳಿಸುವ ವಿದ್ಯೆ

ಕಾಯಿಲೆಯಿಂದ ಎದ್ದವರನ್ನು ಮಾತನಾಡಿಸಿ ನೋಡಿ. ಆಪರೇಷನ್ ಮಾಡಿದ ಡಾಕ್ಟರ ಹೆಸರನ್ನು ಬಿರುದುಬಾವಲಿಗಳ ಸಮೇತ ಹೇಳುತ್ತಾರೆ. ರಾತ್ರಿಯೆಲ್ಲ ಎಚ್ಚರವಿದ್ದು ಬಾಯಿಗೆ ನೀರು ಬಿಟ್ಟ ನರ್ಸಮ್ಮನ ಹೆಸರು ಕೇಳಿದರೆ, "ಯಾರೋ ಒಬ್ಬಾಕೆ, ಪಾಪ, ಬಹಳ ಒಳ್ಳೆಯವಳು" ಎಂದು ಮುಗಿಸುತ್ತಾರೆ. ಶುಶ್ರೂಷೆಗೆ ಒಳ್ಳೆಯತನವೊಂದಿದ್ದರೆ ಸಾಕು, ವಿದ್ಯೆ ಬೇಡ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಆಳವಾಗಿದೆ.

ಕೃಷ್ಣರಾಜನಗರದ ನಮ್ಮ ದೊಡ್ಡಮ್ಮ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಒಳ್ಳೆಯತನಕ್ಕೇನೂ ಬರವಿರಲಿಲ್ಲ. ನೋಡಲು ಬಂದವರೆಲ್ಲ ಒಂದೊಂದು ಉಪಾಯ ಹೇಳಿಹೋದರು. ಬೆನ್ನಿಗೆ ಪೌಡರು ಹಾಕಿ ಎಂದರೊಬ್ಬರು. ಸ್ಪಿರಿಟ್ ತಿಕ್ಕಿ ಎಂದರಿನ್ನೊಬ್ಬರು. ಮೂರನೆಯವರು ಕೊಬ್ಬರಿ ಎಣ್ಣೆಯ ಪಕ್ಷ. ಅಷ್ಟರಲ್ಲಿ ದೊಡ್ಡಮ್ಮನ ಸೊಂಟದ ಹಿಂದೆ ರೂಪಾಯಿಯಗಲ ಕೆಂಪಾಗಿತ್ತು.

ಪಕ್ಕದ ಬೀದಿಯ ನಿವೃತ್ತ ನರ್ಸಮ್ಮನವರು ಬಂದು ಆ ಕೆಂಪನ್ನು ಬೆರಳಿನಿಂದ ಒತ್ತಿ ನೋಡಿದರು. ಎಣ್ಣೆ ಸ್ಪಿರಿಟ್ಟುಗಳನ್ನು ಆಚೆಗೆ ಸರಿಸಿ, "ಮನೆಯಲ್ಲಿ ಗಡಿಯಾರ ಎಲ್ಲಿದೆ?" ಎಂದರು. ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಬೇಕು. ಎಳೆಯಬಾರದು, ಎತ್ತಿ ಹೊರಳಿಸಬೇಕು. ಹಿಮ್ಮಡಿ ಹಾಸಿಗೆಗೆ ತಾಕದಂತೆ ಕಾಲ ಕೆಳಗೆ ದಿಂಬಿಡಬೇಕು. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಟ್ಟರು: ಹೊತ್ತು, ಮಗ್ಗುಲು, ಚರ್ಮದ ಬಣ್ಣ, ಕೊನೆಗೆ 'ಅವರು ಹೇಳಿದ ಮಾತು'.

ಕೊನೆಯ ಕಲಮಿನಲ್ಲಿ ಮೊದಲ ರಾತ್ರಿ ಬರೆದದ್ದು ಇದು: "ಭತ್ತದ ಮೂಟೆ ಉರುಳಿಸಿದ ಹಾಗೆ ಉರುಳಿಸಬೇಡಿ. ಹೇಳಿ ಹೊರಳಿಸಿ." ಅಂದಿನಿಂದ ಎಲ್ಲರೂ ದೊಡ್ಡಮ್ಮನನ್ನು ಕೇಳಿಯೇ ಮುಟ್ಟಿದರು. ಕೆಂಪು ಹುಣ್ಣಾಗಲಿಲ್ಲ. ಬೀದಿಯವರು ಕೈಗುಣವೆಂದು ಹೊಗಳಿದರೆ ನರ್ಸಮ್ಮ, "ಕೈಗುಣ ಏನೂ ಇಲ್ಲ ಸ್ವಾಮಿ, ಲೆಕ್ಕ" ಎಂದರು.

ಆ ಲೆಕ್ಕಕ್ಕೆ ಒಂದು ವಂಶಾವಳಿಯುಂಟು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲರ ದೀಪ ಎಲ್ಲರಿಗೂ ಗೊತ್ತು. ಗಾಯಕ್ಕಿಂತ ರೋಗವೇ ಹೆಚ್ಚು ಸಿಪಾಯಿಗಳನ್ನು ಕೊಂದಿತೆಂದು ಅಂಕಿಗಳನ್ನು ಚಿತ್ರವಾಗಿ ಬರೆದು ತೋರಿಸಿದವರೂ ಅವರೇ. 1962ರಲ್ಲಿ ಇಂಗ್ಲೆಂಡಿನ ನರ್ಸ್ ಡೊರೀನ್ ನಾರ್ಟನ್ ಮತ್ತು ಸಂಗಡಿಗರು ಆಸ್ಪತ್ರೆಯ ವೃದ್ಧರನ್ನು ಕುರಿತ ಅಧ್ಯಯನ ಪ್ರಕಟಿಸಿದರು. ಮೈಗೆ ಸವರುವ ಔಷಧಗಳಿಗಿಂತ ಮಗ್ಗುಲು ಬದಲಿಸಿ ಒತ್ತಡ ತಪ್ಪಿಸುವುದೇ ಮೇಲೆಂದು ಅದು ತೋರಿಸಿತು. ದೇಹಸ್ಥಿತಿ, ಮನಸ್ಸಿನ ಸ್ಥಿತಿ, ಓಡಾಟ, ಹೊರಳಾಟ, ಮಲಮೂತ್ರದ ಹಿಡಿತ—ಈ ಐದಕ್ಕೆ ಅಂಕ ಹಾಕಿ, ಯಾರಿಗೆ ಹುಣ್ಣಾಗುವ ಭಯವಿದೆಯೆಂದು ಮೊದಲೇ ಅಳೆಯುವ ಕ್ರಮವೂ ಅವರದೇ.

ಎರಡು ಗಂಟೆಯೆಂಬುದೂ ಬ್ರಹ್ಮಲಿಪಿಯಲ್ಲ. ಅಮೆರಿಕ, ಕೆನಡಾಗಳ ವೃದ್ಧರ ಶುಶ್ರೂಷಾಗೃಹಗಳಲ್ಲಿ ಒಳ್ಳೆಯ ಫೋಮ್ ಹಾಸಿಗೆಯ ಮೇಲಿದ್ದವರನ್ನು ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಹೊರಳಿಸಿ ನೋಡಿದರು. ಹುಣ್ಣಾಗುವುದರಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲವೆಂದು 2013ರಲ್ಲಿ ಪ್ರಕಟಿಸಿದರು. ನಿದ್ದೆಗೆಟ್ಟ ಮುದುಕರಿಗೂ ನಡು ನೊಂದ ಮನೆಯವರಿಗೂ ಇದು ಸಣ್ಣ ಸುದ್ದಿಯಲ್ಲ.

ಆದರೆ ದೊಡ್ಡಮ್ಮ ಮಲಗಿದ್ದು ಗಂಟುಗಟ್ಟಿದ ಹತ್ತಿ ಹಾಸಿಗೆಯ ಮೇಲೆ. ಆ ಹಾಸಿಗೆಯ ಲೆಕ್ಕವನ್ನು ಕೆನಡಾದವರು ಮಾಡಿಕೊಡಲಾರರು. ಕೃಷ್ಣರಾಜನಗರ, ಹುಣಸೂರು, ಹೆಗ್ಗಡದೇವನಕೋಟೆಗಳ ವಾರ್ಡುಗಳಲ್ಲಿ ನಿಂತು ಕಾಲು ಸವೆಸುವವರೇ ಮಾಡಬೇಕು. ಅದಕ್ಕೆ ಅವರಿಗೆ ಬರೆಯುವಷ್ಟು ಬಿಡುವು ಬೇಕು, ಬರೆದದ್ದನ್ನು ಓದುವ ಮೇಲಿನವರು ಬೇಕು. ನರ್ಸಮ್ಮನಿಗೆ ಕೈಮುಗಿಯುವ ನಾವು, ಆಕೆ ಏನನ್ನು ಕಂಡುಕೊಂಡಳೆಂದು ಒಂದು ಮಾತು ಕೇಳಿದರೂ ಆ ನೋಟ್‌ಬುಕ್ಕಿನ ಮೊದಲ ಪುಟ ತೆರೆದಂತೆಯೇ.