ರಾತ್ರಿ ಪಾಳಿಯವರ ಹಬ್ಬ

ಡಿಸೆಂಬರ್ ಬಂತು ಅಂದ್ರೆ ನಮ್ಮಂಥ ಐಟಿಯವರಿಗೆ ಎರಡು ಮೇಲ್ ಒಟ್ಟಿಗೆ ಬರುತ್ತವೆ. ಒಂದು ಕೋಡ್ ಫ್ರೀಜ್‌ನದು. ಅಮೆರಿಕದ ಅಂಗಡಿಗಳಿಗೆ ಇದು ವರ್ಷದ ಸುಗ್ಗಿ, ಸಾಫ್ಟ್‌ವೇರಿಗೆ ಯಾರೂ ಕೈ ಹಾಕಬೇಡಿ, ಆದರೆ ಏನಾದ್ರೂ ಕೆಟ್ಟರೆ ಇರಲಿ ಅಂತ ರಾತ್ರಿಯೆಲ್ಲಾ ಎಚ್ಚರವಾಗಿರಿ. ಇನ್ನೊಂದು ಸೀಕ್ರೆಟ್ ಸಾಂಟಾದು. ಅದರ ಮಾರನೇ ದಿನವೇ ಲಾಬಿಯಲ್ಲಿ ಪ್ಲಾಸ್ಟಿಕ್ ಮರ ನಿಲ್ಲುತ್ತೆ, ಅದರ ಬುಡಕ್ಕೆ ಹತ್ತಿಯ ಹಿಮ, ಪಕ್ಕದಲ್ಲಿ ಸೆಲ್ಫಿಗೆ ಜಾಗ. ಕ್ಯಾಂಟೀನಲ್ಲಿ ಪ್ಲಮ್ ಕೇಕ್. ಎಲ್ಲಾ ಇರುತ್ತೆ, ಇದು ಯಾರ ಹುಟ್ಟುಹಬ್ಬ ಅನ್ನೋದೊಂದು ಮಾತ್ರ ಎಲ್ಲೂ ಬರೆದಿರಲ್ಲ.

ಕೇಕ್ ಮೇಲೆ ನನಗೇನೂ ಸಿಟ್ಟಿಲ್ಲ. ಎರಡು ಪೀಸ್ ತಿನ್ನೋನು ನಾನು. ಸಾಂಟಾ ಮೇಲೂ ಸಿಟ್ಟಿಲ್ಲ. ಅವನ ಹಿಂದೆ ಇರೋರು ಸಂತ ನಿಕೋಲಸ್, ಈಗಿನ ಟರ್ಕಿಯ ಮೈರಾ ಅನ್ನೋ ಊರಿನ 4ನೇ ಶತಮಾನದ ಬಿಷಪ್. ವರದಕ್ಷಿಣೆಗೆ ದುಡ್ಡಿಲ್ಲದ ಬಡವನ ಮೂವರು ಹೆಣ್ಣುಮಕ್ಕಳಿಗಾಗಿ ರಾತ್ರಿ ಹೊತ್ತು ಯಾರಿಗೂ ಕಾಣದಂತೆ ಹೊನ್ನಿನ ಗಂಟು ಎಸೆದು ಹೋದರು ಅಂತ ಐತಿಹ್ಯ. 1931ರಿಂದ ಕೋಕಾ-ಕೋಲಾ ಜಾಹೀರಾತುಗಳಲ್ಲಿ ಬಂದ ದಪ್ಪ ಹೊಟ್ಟೆಯ ಕೆಂಪು ತಾತ ಲೋಕಕ್ಕೆಲ್ಲಾ ಪರಿಚಯವಾದ. ಬಿಷಪ್ಪರು ಹಿಂದೆ ಸರಿದರು. ನಮ್ಮ ಸೀಕ್ರೆಟ್ ಸಾಂಟಾದಲ್ಲಿ ಸಂಬಳ ಬರೋರು ಸಂಬಳ ಬರೋರಿಗೇ 500 ರೂಪಾಯಿಯ ಕಾಫಿ ಮಗ್ ಕೊಡ್ತೀವಿ. ಗುಟ್ಟು ಉಳಿದಿದೆ, ಬಡವನ ಮನೆ ಬಿಟ್ಟುಹೋಗಿದೆ.

ನಾನು ಬೆಳೆದದ್ದು ಮಾಂಬಳ್ಳಿಯಲ್ಲಿ, ಕೊಳ್ಳೇಗಾಲಕ್ಕೂ ಯಳಂದೂರಿಗೂ ನಡುವೆ. ಜನ ಅಗರ-ಮಾಂಬಳ್ಳಿ ಅಂತ ಜೋಡಿಯಾಗೇ ಕರೆಯೋ ಊರು. ಹನೂರು ಆಚೆ ಮಾರ್ಟಳ್ಳಿ ಕಡೆಗೆ ಹೋದರೆ ತಮಿಳು ಮನೆಮಾತಿನ ಕ್ರೈಸ್ತರ ಕೇರಿಗೆ ಕೇರಿಯೇ ಸಿಗುತ್ತೆ. ನಮ್ಮ ಬೀದಿಯಲ್ಲಿ ನಮ್ಮದೊಂದೇ ಮನೆ. ದಿವ್ಯಬಲಿಪೂಜೆಗೆ ಕೊಳ್ಳೇಗಾಲಕ್ಕೆ ಹೋಗಬೇಕಿತ್ತು.

ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು. ಮೊಟ್ಟೆಯೊಡೆದ ಹುಳ ಗೂಡು ಕಟ್ಟೋ ಹೊತ್ತಿಗೆ ಸುಮಾರು ನಾಲ್ಕು ವಾರ ಆಗುತ್ತೆ. ಅಷ್ಟರಲ್ಲಿ ಅದು 4 ಸಲ ಪೊರೆ ಬಿಡುತ್ತೆ. ನಮ್ಮ ಕಡೆ ಅದಕ್ಕೆ ಜ್ವರ ಅಂತಾರೆ. ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಇದ್ದುಬಿಡುತ್ತೆ. ಆಗ ನಾವು ಅವಸರ ಮಾಡಿ ಸೊಪ್ಪು ಸುರಿದರೆ ಬೆಳೆಯೇ ಹಾಳು.

ಕ್ರಿಸ್ಮಸ್‌ಗೆ ಮುಂಚೆ 4 ಭಾನುವಾರಗಳ ಆಗಮನ ಕಾಲ ಅಂತ ಒಂದಿದೆ. ಆ ವಾರಗಳಲ್ಲಿ ಗುರುಗಳು ನೇರಳೆ ಬಣ್ಣದ ವಸ್ತ್ರ ಉಡುತ್ತಾರೆ. ಬೆತ್ಲೆಹೇಮಿನಲ್ಲಿ ದೇವದೂತರು ಹಾಡಿದ ಮಹಿಮೆಯ ಹಾಡನ್ನು ಭಾನುವಾರದ ಪೂಜೆಯಲ್ಲೂ ಹಾಡಲ್ಲ. ಅದನ್ನು ಕ್ರಿಸ್ಮಸ್ ರಾತ್ರಿ ಗಂಟೆ ಬಾರಿಸಿಕೊಂಡು ಹಾಡೋದು. ಅವ್ವ ಇದನ್ನ ನಮಗೆ ಹುಳದ ಮನೆಯಲ್ಲೇ ಹೇಳಿಕೊಟ್ಟಳು: "ಇದೂ ಒಂದು ಜ್ವರ ಕಣ ಮಗ. ಈಗ ತಿನ್ನೋ ಹೊತ್ತಲ್ಲ, ಕಾಯೋ ಹೊತ್ತು." ಈಗ ನವೆಂಬರಲ್ಲೇ ಮಾಲ್‌ನಲ್ಲಿ ಜಿಂಗಲ್ ಬೆಲ್ಸ್ ಶುರುವಾದಾಗ ನನಗೆ ಆ ಮಾತು ನೆನಪಾಗುತ್ತೆ. 24ರ ಹೊತ್ತಿಗೆ ಹಬ್ಬ ತಿಂದು ತಿಂದು ಸಾಕಾಗಿರುತ್ತೆ.

ನಮ್ಮ ಗೋದಲಿಗೆ ಹಳೇ ಚಂದ್ರಿಕೆಯ ಬಿದಿರು, ಭತ್ತದ ಹುಲ್ಲು. ಮರಿಯಮ್ಮ, ಜೋಸೆಫರು, ಕುರಿ, ದನ ಎಲ್ಲಾ ಮೊದಲೇ ಬಂದಿರೋರು. ನಡುವಿನ ಮೇವಿನ ತೊಟ್ಟಿ ಮಾತ್ರ 24ರ ರಾತ್ರಿ ತನಕ ಖಾಲಿ. ಪಕ್ಕದ ಮನೆ ಅಜ್ಜಿ ದಿನಾ ಬಂದು ಬಗ್ಗಿ ನೋಡಿ ಕೇಳೋರು, "ಕೂಸು ಯಾವಾಗ ಬಂದದು?" ಅವರು ಮಾದಪ್ಪನ ಒಕ್ಕಲು. ದೀಪಾವಳಿಗೆ ಬೆಟ್ಟದಲ್ಲಿ ಹಾಲರವಿ ನಡೆಯುತ್ತಲ್ಲ, ಬೇಡಗಂಪಣರ ಹೆಣ್ಣುಮಕ್ಕಳು ಉಪವಾಸವಿದ್ದು ಕಾಡಿನ ಹಳ್ಳದಿಂದ ದೇವರಿಗೆ ನೀರು ಹೊತ್ತು ತರೋದು, ಅದನ್ನ ಕಂಡ ಜೀವ. ಹಬ್ಬದ ಹಿಂದೆ ಒಂದು ವ್ರತ ಇರುತ್ತೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೇರೆ ದೇವರನ್ನು ನಂಬಿದವರಿಂದ ನಮ್ಮ ಹಬ್ಬ ಯಾವತ್ತೂ ತೆಳುವಾಗಲಿಲ್ಲ. "ನಿಮ್ ದೇವ್ರು ಹುಟ್ಟಿದ್ ಹಬ್ಬ" ಅಂತ ಹೆಸರಿಟ್ಟು ಕರೆದು, ಅವ್ವ ಕೊಟ್ಟ ಕಜ್ಜಾಯ ತಿಂದು ಹೋಗೋರು. ಜಾತ್ಯತೀತ ಅಂದ್ರೆ ಇದೇ ಅಂದುಕೊಂಡು ನಾನು ಬೆಂಗಳೂರಿಗೆ ಬಂದೆ.

ಇಲ್ಲಿನ ಅಪಾರ್ಟ್‌ಮೆಂಟಿನ ಕ್ರಿಸ್ಮಸ್ ಪಾರ್ಟಿಗೆ ಡಿಜೆ ಇರುತ್ತೆ, ಗೋದಲಿ ಇರಲ್ಲ. ಗೋದಲಿ ಇಡೋಣ್ವಾ ಅಂದ್ರೆ, "ರಿಲಿಜಿಯಸ್ ಬೇಡ ಬಿಡಿ, ಎಲ್ಲರೂ ಎಂಜಾಯ್ ಮಾಡೋ ಥರ ಇರಲಿ" ಅಂತಾರೆ. ಅವರ ಮನಸ್ಸಲ್ಲಿ ಕೆಟ್ಟದ್ದೇನಿಲ್ಲ. ನಾನೂ ವಾದ ಮಾಡಲ್ಲ.

ಹೋದ ವರ್ಷ ಡಿಸೆಂಬರ್ 23ಕ್ಕೆ ಗೇಟಿನ ಸೆಕ್ಯುರಿಟಿ ಹುಡುಗನಿಗೆ ಸಾಂಟಾ ಟೋಪಿ ಹಾಕಿ ನಿಲ್ಲಿಸಿದ್ದರು. ಪಾರ್ಸಲ್ ತಗೊಳ್ಳೋಕೆ ಹೋದಾಗ ಅವನ ರಿಜಿಸ್ಟರ್ ಪಕ್ಕ ಒಂದು ಜಪಸರ ಕಂಡಿತು. ಜಾರ್ಖಂಡಿನವನು, ಕ್ಯಾಥೊಲಿಕ್. "ನಾಳೆ ರಾತ್ರಿ ಪೂಜೆಗೆ ಎಲ್ಲಿ ಹೋಗ್ತೀಯಪ್ಪಾ?" ಅಂತ ಹಿಂದಿಯಲ್ಲಿ ಕೇಳಿದೆ. "ಡ್ಯೂಟಿ ಇದೆ ಸಾರ್" ಅಂದ.

ಇನ್ನೂರು ಮನೆಯ ಕ್ರಿಸ್ಮಸ್ ಪಾರ್ಟಿ. ಅದರ ಬಾಗಿಲಲ್ಲಿ ಕ್ರಿಸ್ತನನ್ನ ನಂಬೋ ಒಬ್ಬ ಹುಡುಗ, ತಲೆ ಮೇಲೆ ಸಾಂಟಾ ಟೋಪಿ. ಅವನಿಗೆ ಮಾತ್ರ ಕ್ರಿಸ್ಮಸ್ ಇಲ್ಲ. ಛತ್ರದಲ್ಲಿ ಜಾಗ ಸಿಗದೆ ಹಸುಗೂಸನ್ನು ಮೇವಿನ ತೊಟ್ಟಿಯಲ್ಲಿ ಮಲಗಿಸಿದರು ಅಂತ ಲೂಕನ ಶುಭಸಂದೇಶ ಹೇಳುತ್ತೆ. ಆ ಸಾಲನ್ನ ನೂರು ಸಲ ಕೇಳಿದ್ದೆ. ಅವತ್ತು ಗೇಟಲ್ಲೇ ಕಂಡೆ.

ಗ್ರೂಪಲ್ಲಿ ಒಂದೇ ಸಾಲು ಹಾಕಿದೆ: 24ರ ರಾತ್ರಿ 4 ಗಂಟೆ ಗೇಟ್ ನಾನು ನೋಡ್ಕೋತೀನಿ, ಅವನನ್ನ ಬಿಡಿ. ಏಜೆನ್ಸಿಯ ಸೂಪರ್‌ವೈಸರನ್ನು ಒಪ್ಪಿಸೋಕೆ ಅರ್ಧ ದಿನ ಹಿಡೀತು. ಮೂರನೇ ಮಹಡಿಯ ಮಂಡ್ಯದ ಗೆಳೆಯ ತಾನಾಗೇ ಇಳಿದು ಬಂದ, "ಗೇಟ್ ತಾನೆ, ನಾನೂ ಕೂರ್ತೀನಿ ಬಿಡು ಗುರು." ನನ್ನ ಹೆಂಡತಿ, ಮಗಳು ಆ ಹುಡುಗನನ್ನೂ ಕಾರಲ್ಲಿ ಕೂರಿಸಿಕೊಂಡು ಚರ್ಚಿಗೆ ಹೋದರು. ನನಗೆ ಆಫೀಸಿನ ಆನ್-ಕಾಲ್ ಕೂಡ ಇತ್ತು. ಲ್ಯಾಪ್‌ಟಾಪ್ ತೊಡೆ ಮೇಲೆ, ವಿಸಿಟರ್ ಬುಕ್ ಪಕ್ಕದಲ್ಲಿ. ಗೆಳೆಯ ಕೇಳಿದ, "ಅಲ್ಲಾ, ನಿಮ್ಮ ಹಬ್ಬದಲ್ಲಿ ಅಸಲಿಗೆ ಆಗಿದ್ದೇನು?" ಎಷ್ಟು ವರ್ಷವಾದರೂ ಆಫೀಸಲ್ಲಿ ಯಾರೂ ಕೇಳದ ಪ್ರಶ್ನೆ. ಪೂರ್ತಿ ಕಥೆ ಹೇಳಿದೆ: ಜನಗಣತಿ, ತುಂಬು ಬಸುರಿಯ ಪ್ರಯಾಣ, ಹೆರೋದನಿಗೆ ಹೆದರಿ ಕೂಸನ್ನೆತ್ತಿಕೊಂಡು ಈಜಿಪ್ಟಿಗೆ ಓಡಿದ್ದು. "ವಲಸೆ ಬಂದೋರ ಕಥೆ ಅನ್ನು" ಅಂದ.

ಅವ್ವನಿಗೆ ಫೋನ್ ಮಾಡಿ ರಾತ್ರಿ ಪೂಜೆ ತಪ್ಪಿತು ಅಂದೆ. ಬೈತಾಳೆ ಅಂದುಕೊಂಡಿದ್ದೆ. "ಕುರಿ ಕಾಯೋರೂ ರಾತ್ರಿ ಪಾಳೀಲೇ ಇದ್ರಲ್ವಾ ಮಗ. ದೇವ್ರು ಮೊದ್ಲು ಯೋಳಿ ಕಳ್ಸಿದ್ದು ಅವ್ರಿಗೇ ಕಣ" ಅಂದಳು. ಹುಳ ಹಣ್ಣಾದ ವರ್ಷಗಳಲ್ಲಿ ಅವಳೂ ಹಬ್ಬದ ರಾತ್ರಿ ಹುಳ ಚಂದ್ರಿಕೆಗೆ ಬಿಡುತ್ತಾ ಮನೆಯಲ್ಲೇ ಉಳಿದವಳು. ಕ್ರಿಸ್ಮಸ್‌ಗೆ ರಾತ್ರಿ, ಮುಂಜಾವು, ಹಗಲು ಅಂತ ಮೂರು ಪೂಜೆ ಇವೆ. ನಾನು ಮುಂಜಾವಿನದಕ್ಕೆ ಹೋದೆ. ಅದರಲ್ಲಿ ಓದೋದು ಕುರುಬರು ಕೂಸನ್ನು ನೋಡಲು ಬಂದ ಭಾಗ.

ನಂಬದವರನ್ನ ನಂಬಿ ಅನ್ನೋ ಹಕ್ಕು ನನಗಿಲ್ಲ. ಮರ ತೆಗೀರಿ, ಡಿಜೆ ನಿಲ್ಲಿಸಿ ಅಂತಾನೂ ಕೇಳಲ್ಲ. ಹಬ್ಬದ ನಡುವೆ ಕ್ರಿಸ್ತನನ್ನ ಉಳಿಸಿಕೊಳ್ಳೋ ಕೆಲಸ ನಂಬೋ ನಮ್ಮದು. ಮನೆಯಲ್ಲಿ ನಾಲ್ಕು ವಾರ ಕಾಯೋದು, ತೊಟ್ಟಿ ಖಾಲಿ ಇಡೋದು, ಕೇಳಿದವರಿಗೆ ನಾಚದೆ ಕಥೆ ಹೇಳೋದು, ಬಾಗಿಲ ಹೊರಗೆ ಯಾರು ನಿಂತಿದ್ದಾರೆ ಅಂತ ಒಂದು ಸಲ ನೋಡೋದು. ಇಷ್ಟಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಈ ಸಲದ 24ರ ಗೇಟ್ ಪಾಳಿಗೆ ಈಗಾಗಲೇ ಆರು ಜನ ಹೆಸರು ಕೊಟ್ಟಿದ್ದಾರೆ. ಐವರು ಹಿಂದೂಗಳು, ಒಬ್ಬರು ದೇವರೇ ಇಲ್ಲ ಅನ್ನೋರು.