ಒಂಟಿಕಾಲಿನ ಪಾಠ

ತ್ಯಾವಣಿಗೆಯಲ್ಲಿ ಭದ್ರಾ ನಾಲೆಯ ಗದ್ದೆಬದುಗಳ ಮೇಲೆ ಓಡಿ ಬೆಳೆದವನು ನಾನು. ಕಳೆದ ಮಳೆಗಾಲದಲ್ಲಿ ಬಚ್ಚಲಲ್ಲೇ ಜಾರಿಬಿದ್ದೆ. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ; ಆದರೆ ಅಂದಿನಿಂದ ಗದ್ದೆಯ ಕಡೆ ಹೋಗಲು ಹೆದರಿಕೆ.

ಮೊಮ್ಮಗಳು ಚೀನಾದ ತಾಯ್ ಚಿ ಕಲಿಸಿದಳು. ಮೊಣಕಾಲನ್ನು ತುಸು ಬಾಗಿಸಿ, ಮೈಭಾರವನ್ನು ನಿಧಾನವಾಗಿ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವುದು. ಬೀಳುವ ಅಪಾಯವಿದ್ದ 670 ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಕಲಿತವರ ಬೀಳುವಿಕೆ ಬರಿಯ ಮೈಚಾಚುವ ವ್ಯಾಯಾಮ ಮಾಡಿದವರಿಗಿಂತ ಶೇಕಡಾ 58ರಷ್ಟು ಕಡಿಮೆಯಾಗಿತ್ತು.

ಕೊನೆಗೆ ಬಾಗಿಲ ಚೌಕಟ್ಟು ಹಿಡಿದು ಒಂಟಿಕಾಲಿನಲ್ಲಿ ನಿಲ್ಲಬೇಕು. ಲೆಕ್ಕ ತಪ್ಪಿದವರನ್ನು ನಾನು ಹಾಗೆಯೇ ನಿಲ್ಲಿಸುತ್ತಿದ್ದೆ. (ನಿಂತವರು ಇದನ್ನು ಓದುತ್ತಿದ್ದರೆ ಕ್ಷಮಿಸಿರಿ, ಅದೆಷ್ಟು ಕಷ್ಟವೆಂದು ಈಗ ತಿಳಿಯಿತು.)

ನಿನ್ನೆ ಒಂದು ಬದು ದಾಟಿದೆ. ಮಡದಿ ಬೆನ್ನ ಹಿಂದೆಯೇ ಇದ್ದಳು, ನಿಜ. ಆದರೆ ಕೈ ಹಿಡಿದಿರಲಿಲ್ಲ.